ಓಲಗದವನ ಎರಡು ಹಲ್ಲು

“ಗುರುಗಳೇ, ಒಬ್ಬನಿಗೆ ಗಾಯವಾದರೆ ಪರಿಹಾರ ಎಷ್ಟೆಂದು ಹೇಳಲು ಊರಿನ ಹತ್ತು ಜನ ಯಾಕೆ ಕೂರಬೇಕು? ಅವರು ಅತ್ತವರ ಜೊತೆ ತಾವೂ ಅಳುತ್ತಾರೆ. ಕೈಗೆ ಇಷ್ಟು, ಕಾಲಿಗೆ ಇಷ್ಟು ಎಂದು ಅರಮನೆಯೇ ಒಂದು ಪಟ್ಟಿ ಬರೆದಿಟ್ಟರೆ ಸಾಲದೇ?” ಎಂದು ಶಿಷ್ಯ ಮರುಳಸಿದ್ಧ ಕೇಳಿದ.

“ಭಲೇ, ಜಾಣ! ನಿನಗಿಂತ ಮೊದಲೇ ಒಬ್ಬ ರಾಜನಿಗೆ ಇದು ಹೊಳೆದಿತ್ತು. ಕೇಳು” ಎಂದು ಗುರುಗಳು ಶುರುಮಾಡಿದರು.

ಒಂದೂರಲ್ಲಿ ಒಬ್ಬ ಗಾಣದ ಸಾಹುಕಾರ. ಅವನ ಗಾಣದ ಮರ ಬಿರುಕುಬಿಟ್ಟಿತ್ತು. ಬದಲಾಯಿಸಪ್ಪಾ ಎಂದರೆ ಕೇಳಬೇಕಲ್ಲ! ಪರಿಹಾರ ಹೇಳುವ ಊರಿನ ಹತ್ತು ಜನರ ಭಯಕ್ಕೆ ಹೇಗೋ ಹಗ್ಗ ಸುತ್ತಿ ನಡೆಸುತ್ತಿದ್ದ. ಅಂಥ ಸಾಹುಕಾರರೆಲ್ಲ ಸೇರಿ ರಾಜನ ಕಿವಿ ಊದಿದರು. ರಾಜ ಪಟ್ಟಿ ಬರೆಸಿದ. ಹಲ್ಲೊಂದಕ್ಕೆ ಒಂದು ಸೇರು ರಾಗಿ. ಹತ್ತು ಜನರನ್ನು ಮನೆಗೆ ಕಳಿಸಿದ. ಸಾಹುಕಾರ ಗಾಣದ ಪಕ್ಕದಲ್ಲಿ ಒಂದು ಚೀಲ ರಾಗಿ ತಂದಿಟ್ಟು, ಮರಕ್ಕೆ ಸುತ್ತಿದ್ದ ಹಗ್ಗವನ್ನೂ ಬಿಚ್ಚಿ ಎತ್ತಿಗೆ ಕಟ್ಟಿದ.

ಒಂದು ದಿನ ಓಲಗದವನು ಎಣ್ಣೆಗೆಂದು ಬಂದ. ಮರ ಸೀಳಿ ಅದರ ತುಂಡು ಅವನ ಬಾಯಿಗೆ ಬಡಿಯಿತು. ಮುಂದಿನ ಎರಡು ಹಲ್ಲು ಹೋದವು. ಹಲ್ಲಿನ ಆಸರೆ ಇಲ್ಲದೆ ತುಟಿ ಓಲಗವನ್ನು ಹಿಡಿಯುವುದಿಲ್ಲ. ಓಲಗ ಊದದಿದ್ದರೆ ಅವನ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಪಾಪ, ಅಳುತ್ತಾ ಹೋಗಿ ಪಟ್ಟಿ ಹಿಡಿದು ಕೂತಿದ್ದ ಅರಮನೆಯ ಅಧಿಕಾರಿಯ ಮುಂದೆ ನಿಂತ.

“ಹಲ್ಲು ಎರಡು, ರಾಗಿ ಎರಡು ಸೇರು” ಎಂದ ಅಧಿಕಾರಿ.

“ಸ್ವಾಮಿ, ನನ್ನ ಹೊಟ್ಟೆಗೇ ಪೆಟ್ಟು ಬಿತ್ತು.”

ಅಧಿಕಾರಿ ಎದ್ದು ಬಂದು ಅವನ ಹೊಟ್ಟೆಯನ್ನು ಮುಟ್ಟಿ ನೋಡಿದ. “ಗಾಯವೇನೂ ಕಾಣುವುದಿಲ್ಲವಲ್ಲ. ಮುಂದಿನವರು ಬನ್ನಿ!”

ಆ ಎರಡು ಸೇರು ಎಷ್ಟು ದಿನ ಬಂದೀತು? ಅಷ್ಟರಲ್ಲಿ ಸಾಹುಕಾರನ ಮಗಳ ಮದುವೆ ಬಂತು. ಪಕ್ಕದೂರಿನ ಓಲಗ ದುಬಾರಿ ಎಂದು ಸಾಹುಕಾರ ಇವನನ್ನೇ ಕರೆದ. ಹಲ್ಲು ಕಡಿಮೆಯಾದ ಮೇಲೆ ಸಂಭಾವನೆಯೂ ಕಡಿಮೆ ಎಂದ. ಊದಲು ಆಗುವುದಿಲ್ಲ ಧಣಿ ಎಂದು ಇವನು ಕೈಮುಗಿದರೆ, ಬಂದಷ್ಟು ಊದು ಎಂದ. ಮಕ್ಕಳ ಮುಖ ನೋಡಿ ಇವನು ಒಪ್ಪಿದ.

ತಾಳಿ ಕಟ್ಟುವ ಹೊತ್ತು. ಸೀನು, ಕೆಟ್ಟ ಮಾತು ಯಾರ ಕಿವಿಗೂ ಬೀಳದಿರಲಿ ಎಂದಲ್ಲವೇ ಗಟ್ಟಿಮೇಳ ಮೊಳಗಿಸುವುದು? ಪುರೋಹಿತರು “ಗಟ್ಟಿಮೇಳ, ಗಟ್ಟಿಮೇಳ!” ಎಂದು ಕೂಗಿದರು. ಓಲಗದಿಂದ ಪುಸ್ಸೆಂದು ಗಾಳಿ ಬಂತು. ಡೋಲಿನವನು ನಗು ತಡೆಯಲಾರದೆ ಕೋಲು ಕೈಬಿಟ್ಟ. ಮಂಟಪವೆಲ್ಲ ಗಪ್‌ಚಿಪ್. ಆಗಲೇ ಗಂಡಿನ ಸೋದರತ್ತೆ ಭರ್ಜರಿಯಾಗಿ ಸೀನಿದಳು. ಅಪಶಕುನವೆಂದು ಬೀಗರು ಎದ್ದು ಹೊರಟೇಬಿಟ್ಟರು.

ಸಾಹುಕಾರ ಅಧಿಕಾರಿಯ ಬಳಿಗೆ ಓಡಿದ. “ನನ್ನ ಮಾನ ಹೋಯಿತು, ಬೀಗರಿಂದ ಪರಿಹಾರ ಕೊಡಿಸಿ!”

ಅಧಿಕಾರಿ ಪಟ್ಟಿಯನ್ನು ನೆತ್ತಿಯಿಂದ ಅಂಗಾಲಿನವರೆಗೆ ಓದಿದ. “ಮಾನ ಎಂಬ ಅಂಗ ಇದರಲ್ಲಿ ಇಲ್ಲ. ಮುಂದಿನವರು ಬನ್ನಿ!”

ಸಾಹುಕಾರ ಎದೆ ಬಡಿದುಕೊಂಡು ಊರೆಲ್ಲ ತಿರುಗಿ ಆ ಹತ್ತು ಜನರನ್ನು ತಾನೇ ಕೂಡಿಸಿದ. ಗಟ್ಟಿಮೇಳ ಕೆಟ್ಟಿದ್ದು ಯಾಕೆಂದು ತಿಳಿಯಲು ಅವರು ಮೊದಲು ಓಲಗದವನನ್ನು ಕರೆದು, ಬಾಯಿ ತೆರೆಯಪ್ಪಾ ಎಂದರು. ನೋಡಿದರು. ಅವನು ಬದುಕಿರುವವರೆಗೂ ಅವನ ಮನೆಗೆ ಬೇಕಾದ ಕಾಳನ್ನು ಗಾಣದವನೇ ಕೊಡಬೇಕು ಎಂದರು. ಮಾರನೆಯ ದಿನವೇ ಗಾಣಕ್ಕೆ ಹೊಸ ಮರ ಬಂತು.

ಮರುಳಸಿದ್ಧ ಬಿಡಲಿಲ್ಲ. “ಆದರೂ ಪಟ್ಟಿಯಲ್ಲಿ ತಪ್ಪೆಲ್ಲಿತ್ತು, ಗುರುಗಳೇ? ಹಲ್ಲನ್ನು ಸರಿಯಾಗಿಯೇ ಎಣಿಸಿದ್ದರಲ್ಲ?”

“ಹಲ್ಲು ಎಣಿಸಲು ಪಟ್ಟಿ ಸಾಕಪ್ಪಾ, ಅದು ಯಾರ ಬಾಯಿಂದ ಬಿತ್ತು ಎಂದು ತಿಳಿಯಲು ಊರೇ ಬೇಕು.”