ಗಾಜಿಗೆ ಬಳಿದ ವಿಭೂತಿ

"ಗುರುಗಳೇ, ನನ್ನೊಳಗೆ ಯಾಕೆ ಇನ್ನೂ ಬೆಳಕಾಗಲಿಲ್ಲ?" ಎಂದು ಚನ್ನವೀರ ಕೇಳಿದ.

ಅವನು ಮಠಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಸೇವೆಯಲ್ಲಿ ಒಂದು ದಿನವೂ ತಪ್ಪಿದವನಲ್ಲ. ನಸುಕಿನಲ್ಲೇ ಎದ್ದು ಗುರುಗಳ ಸ್ನಾನದ ಹಂಡೆಗೆ ಉರಿ ಹಾಕುತ್ತಿದ್ದ, ಅಂಗಳ ಗುಡಿಸುತ್ತಿದ್ದ, ಬಂದ ದಿನ ಗುರುಗಳು ಕೈಗೆ ಕೊಟ್ಟ ಪುಸ್ತಕವನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ ಎರಡು ಹೊತ್ತೂ ಹೂವೇರಿಸುತ್ತಿದ್ದ. ಅವನ ನಂತರ ಬಂದವರೆಲ್ಲ ಹಗುರಾಗಿ ನಗುತ್ತ ಓಡಾಡುತ್ತಿದ್ದರು. ಇವನಿಗೆ ಮಾತ್ರ ಬಂದ ದಿನದ ಮನಸ್ಸೇ ಉಳಿದಿತ್ತು. ಅದರ ಸಂಕಟ ತಾಳಲಾರದೆ ಈ ಹೊತ್ತು ಬಟ್ಟೆಯ ಗಂಟು ಕಟ್ಟಿಕೊಂಡೇ ಗುರುಗಳೆದುರು ಕೂತಿದ್ದ. ಉತ್ತರ ಸಿಗದಿದ್ದರೆ ಊರಿನ ದಾರಿ ಹಿಡಿಯುವುದೆಂದು ನಿಶ್ಚಯಿಸಿದ್ದ.

ಗುರುಗಳು ಗಂಟನ್ನು ನೋಡಿದರು. "ಹೊರಡುವ ಮೊದಲು ಒಂದು ಕತೆ ಕೇಳು" ಎಂದರು.

ಒಂದೂರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ದೈವಭಕ್ತ, ಒಳ್ಳೆಯವನು, ಮಾತು ಮಾತ್ರ ಸ್ವಲ್ಪ ಜಾಸ್ತಿ. ಅವನು ಮಾಳಿಗೆಯ ಮೇಲೆ ಬಿಸಿಲಿನಲ್ಲಿ ನೀರು ಕಾಯಿಸುವ ಸೋಲಾರ್ ಹಾಕಿಸಿದ. ಮೇಲೊಂದು ಟ್ಯಾಂಕು, ಅದರ ಕೆಳಗೆ ಸೂರ್ಯನಿಗೆ ಮುಖ ಮಾಡಿದ ಅಗಲವಾದ ಗಾಜಿನ ಹಲಗೆ. ನೀರು ಕೈ ಸುಡುವಷ್ಟು ಕಾಯುತ್ತಿತ್ತು. ಆ ಹಿಗ್ಗಿನಲ್ಲಿ ಬಚ್ಚಲ ಒಲೆಯನ್ನು ಕೆಡವಿಸಿ, ತಾಮ್ರದ ಹಂಡೆಯನ್ನು ಯಾವುದೋ ಮಠಕ್ಕೆ ಕೊಟ್ಟುಬಿಟ್ಟ. ಮಗಳ ಮದುವೆಯಲ್ಲಿ ಬೀಗರ ಮುಂದೆ, "ದೀಪಾವಳಿಗೆ ಅಳಿಯಂದಿರನ್ನ ಕಳಸ್ರಿ. ನಮ್ಮ ಮನ್ಯಾಗ ಅವರಿಗೆ ನೀರು ಕಾಸಾಂವ ಸಾಕ್ಷಾತ್ ಸೂರ್ಯದೇವ" ಎಂದು ಕೊಚ್ಚಿಕೊಂಡ.

ಚನ್ನವೀರ ಬಚ್ಚಲ ಕಡೆ ಒಮ್ಮೆ ತಿರುಗಿ ನೋಡಿದ. ಮಠದ ಹಂಡೆಯೂ ತಾಮ್ರದ್ದೇ. ಗುರುಗಳು ಕಂಡೂ ಕಾಣದವರಂತೆ ಕತೆ ಮುಂದುವರಿಸಿದರು.

ದೀಪಾವಳಿಗೆ ಇನ್ನೂ ಇಪ್ಪತ್ತು ದಿನವಿರುವಾಗ ಆಯುಧ ಪೂಜೆ ಬಂತು. ವ್ಯಾಪಾರಿ ಅಂಗಡಿಯ ಕತ್ತರಿ, ಗಜಕೋಲು, ಹೊಲಿಗೆ ಯಂತ್ರ, ಸ್ಕೂಟರು ಎಲ್ಲಕ್ಕೂ ಪೂಜೆ ಮಾಡಿದ. ದಿನಾ ದುಡಿಯುವ ಸೋಲಾರನ್ನು ಹೇಗೆ ಬಿಡುವುದು ಎಂದುಕೊಂಡು ಮಾಳಿಗೆ ಹತ್ತಿದ. ಗಾಜಿನ ಮೇಲೆ ಈ ತುದಿಯಿಂದ ಆ ತುದಿಗೆ ಮೂರು ಪಟ್ಟೆ ವಿಭೂತಿ ಬಳಿದ. ನಡುವೆ ತಟ್ಟೆಯಗಲ ಕುಂಕುಮವಿಟ್ಟು ಚೆಂಡು ಹೂವಿನ ಹಾರ ಹಾಕಿದ.

ಮರುದಿನ ನೀರು ಉಗುರುಬೆಚ್ಚಗಿತ್ತು. ಪೈಪಿನಲ್ಲಿ ದೋಷವಿರಬೇಕೆಂದು ಪೈಪು ಬದಲಿಸಿದ. ನೀರು ಕಾಯಲಿಲ್ಲ. ಟ್ಯಾಂಕಿಗೆ ಗಾಳಿ ತಾಗುತ್ತದೆಂದು ಹೆಂಡತಿಯ ಎರಡು ಕೌದಿ ಎಳೆದುತಂದು ಸುತ್ತಿದ. ಆಗಲೂ ಕಾಯಲಿಲ್ಲ. ಎದುರು ಮನೆಯವರ ದೃಷ್ಟಿ ತಾಗಿದೆಯೆಂದು ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ, ದಿನಾ ಮೇಲೆ ಹೋಗಿ ಇನ್ನೊಂದು ಪದರ ವಿಭೂತಿ ಬಳಿದು ಬಂದ. ನೀರು ತಣ್ಣಗಾದಷ್ಟೂ ಅವನ ಭಕ್ತಿ ಏರಿತು. ಕೊನೆಗೆ, ಪಾಪ ಇಷ್ಟು ಬಿಸಿಲಿನಲ್ಲಿ ನಿಂತಿದೆಯಲ್ಲ ಎಂದು ಮರುಗಿ ಗಾಜಿಗೆ ಜರಿಯ ಶಾಲು ಹೊದಿಸಿದ. ಅದರ ಮರುದಿನ ನಲ್ಲಿಯಲ್ಲಿ ಬಂದದ್ದು ಬಾವಿಯಿಂದ ಸೇದಿದಂಥ ನೀರು.

ಹಬ್ಬಕ್ಕೆ ಎರಡೇ ದಿನ ಉಳಿಯಿತು. ಹೊಸ ಅಳಿಯನಿಗೆ ಎಣ್ಣೆ ಹಚ್ಚಿ ಕೂರಿಸಿ ತಣ್ಣೀರು ಸುರಿಯುವ ಪ್ರಸಂಗ ನೆನೆದು ವ್ಯಾಪಾರಿಗೆ ಊಟ ಸೇರಲಿಲ್ಲ. ತಾನಾದರೆ ಒಂದು ದಿನ ತಲೆ ತಗ್ಗಿಸಿದರೆ ಮುಗಿಯಿತು, ಮಗಳು ಗಂಡನ ಮನೆಯಲ್ಲಿ ವರ್ಷವಿಡೀ ಆ ಮಾತು ಕೇಳಬೇಕು. ಅಡುಗೆಮನೆಯಲ್ಲೇ ಪಾತ್ರೆಯಿಟ್ಟು ಕಾಸಿಕೊಡೋಣ ಎಂದು ಹೆಂಡತಿ ಹೇಳಿದಳು. "ಸೂರ್ಯದೇವ ಕಾಸತಾನ ಅಂದೇನಿ, ಗ್ಯಾಸಿನ ಒಲಿ ಅಂದಿಲ್ಲ" ಎಂದು ಅವನು ಮುಖ ಗಂಟಿಕ್ಕಿದ.

ರಿಪೇರಿಯವನನ್ನು ಕರೆಸಿದರು. ಅವನು ಪೈಪು ಮುಟ್ಟಿ ನೋಡಿದ. ನಲ್ಲಿ ತಿರುಗಿಸಿ ನೋಡಿದ. ಮಾಳಿಗೆ ಹತ್ತಿ ಶಾಲು ಎತ್ತಿದವನು ಚೀಲದಿಂದ ಒಂದು ಉಪಕರಣವನ್ನೂ ತೆಗೆಯಲಿಲ್ಲ. ಒಂದು ಕೊಡ ನೀರು, ಒಂದು ಅರಿವೆ ತರಲು ಹೇಳಿದ.

ವ್ಯಾಪಾರಿ ಅಡ್ಡ ನಿಂತ. "ಪೂಜಿ ಮಾಡಿ ಹಚ್ಚಿದ್ದನ್ನ ಒರಸ್ತೀಯೇನಪಾ? ಪಾಪ ಹತ್ತತೈತಿ."

"ಸಾವಕಾರ್ರ, ಇದು ನೋಡೂದು ಈ ಗಾಜಿನಿಂದ. ನೀವು ಪೂಜಿ ಮಾಡಿ ಮಾಡಿ ಇದರ ಕಣ್ಣ ಮುಚ್ಚೀರಿ. ಸೂರ್ಯದೇವ ದಿನಾ ಬಂದು, ಬಾಗಿಲ ಬಡದು ಬಡದು, ಹೊಳ್ಳಿ ಹೋಗ್ಯಾನ."

ವ್ಯಾಪಾರಿ ಗಾಜಿಗೆ ಬೆರಳು ಹಚ್ಚಿ, ಅಂಟಿದ ವಿಭೂತಿಯನ್ನು ನೋಡಿದ. ಆಮೇಲೆ ಶಾಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡ. ಕಣ್ಣು ಮುಚ್ಚಿ ಕೈಮುಗಿದು, "ಒರಸು" ಎಂದ.

ಹಬ್ಬದ ದಿನ ಬಚ್ಚಲಿನಿಂದ ಅಳಿಯನ ದನಿ ಕೇಳಿತು: "ಮಾವಾರ, ಸುಡಾಕತ್ತೈತಿ. ಸ್ವಲ್ಪ ತಣ್ಣೀರು ಬೆರಸ್ರಿ." ವ್ಯಾಪಾರಿ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡು, ಬೀದಿಗೆಲ್ಲ ಕೇಳುವಂತೆ, ಆಮೇಲೆ ಬೆರೆಸಿದ.

ಕತೆ ಇಲ್ಲಿಗೆ ಬರುವಷ್ಟರಲ್ಲಿ ಚನ್ನವೀರ ಗಂಟಿನ ಮೇಲೆ ಒರಗಿ ನಗುತ್ತಿದ್ದ. ಅಷ್ಟು ಮನಸಾರೆ ಅವನು ನಕ್ಕು ವರ್ಷಗಳಾಗಿದ್ದವು. "ಎಂಥ ಪೆದ್ದನಪ್ಪ" ಎಂದ, ಕಣ್ಣೊರೆಸಿಕೊಂಡು. "ಹಾಗಾದರೆ ಆಮೇಲೆ ಅವನು ಪೂಜೆ ಬಿಟ್ಟನೇ, ಗುರುಗಳೇ?"

"ಯಾಕೆ ಬಿಡಬೇಕು? ಈಗಲೂ ವರ್ಷಾ ವರ್ಷಾ ಮಾಡುತ್ತಾನೆ. ಆದರೆ ವಿಭೂತಿ ಹಚ್ಚುವುದು ಟ್ಯಾಂಕಿನ ಹಿಂಬದಿಗೆ, ಬೆರಳಗಲ."

ಚನ್ನವೀರ ಮತ್ತೆ ನಕ್ಕ. ಅವನ ನಗು ಮುಗಿಯುವವರೆಗೂ ಗುರುಗಳು ಕಾದರು.

"ಅದಿರಲಿ, ನಾನು ಕೊಟ್ಟ ಪುಸ್ತಕದ ಮೊದಲ ಪುಟದಲ್ಲಿ ಏನು ಬರೆದಿದೆ, ಚನ್ನವೀರ?"

ಚನ್ನವೀರ ಎದ್ದು ಹೋಗಿ, ಹನ್ನೊಂದು ವರ್ಷದಲ್ಲಿ ಮೊದಲ ಸಲ ಪುಸ್ತಕದ ರೇಷ್ಮೆ ವಸ್ತ್ರ ಬಿಚ್ಚಿದ.