ಮೀಸೆಮೀನು ಬಾಯ್ತುಂಬ ಗಾಳಿ ಒಯ್ಯುವುದೇಕೆ

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ತನ್ನ ಬಣ್ಣ ಯಾವುದೆಂದು ನೀರಿಗೇ ಗೊತ್ತಿರಲಿಲ್ಲ. ದಣಿದ ಮೋಡಗಳು ಕೆಳಗಿಳಿದು ಹುಲ್ಲಿನ ಮೇಲೆ ಮಲಗಿಬಿಡುತ್ತಿದ್ದವು.

ಆಗ ಸಣ್ಣೀರಿ ಎಂಬ ಹೆಂಗಸು ಮೀನು ಸಾಕಬೇಕೆಂದು ಮೊಟ್ಟಮೊದಲ ಹೊಂಡ ತೋಡಿದಳು. ಅದರೊಳಗೆ ಒಂದು ಜೋಡಿ ಮೀನು ಬಿಟ್ಟಳು. ಅವಕ್ಕೆ ಮೀಸೆಯಿರಲಿಲ್ಲ, ಮೈತುಂಬ ಬೆಳ್ಳಿಯ ಹುರುಪೆಯಿತ್ತು. ಗಂಡುಮೀನು ಹೊರಳಿದರೆ ಹೊಂಡವೆಲ್ಲ ಬೆಳಕು. ಅದಕ್ಕೇ ಅವನು ಬೆಳಗಿನಿಂದ ಸಂಜೆಯವರೆಗೆ ಹೊರಳುತ್ತಲೇ ಇದ್ದ. ಬೇರೆ ಕೆಲಸವೇನಿತ್ತು ಅವನಿಗೆ?

ಹೆಣ್ಣುಮೀನು ಹುಲ್ಲಿನ ಬೇರುಗಳ ನಡುವೆ ಜೇನಿನ ಬಣ್ಣದ ಮೊಟ್ಟೆಗಳನ್ನಿಟ್ಟಳು. "ಇಷ್ಟು ದಿನ ಹೊತ್ತವಳು ನಾನು. ಇನ್ನು ನೀನು ನೋಡ್ಕೋ," ಎಂದಳು.

"ನಾನಾ? ನಾನು ಗಂಡಸು ಕಣೇ!"

"ಗಂಡಸಾದ್ರೆ ಮೊಟ್ಟೆ ಕಚ್ಚುತ್ತಾ? ನೋಡ್ಕೋ," ಎಂದು ಬಾಲ ಬೀಸಿ, ಹೊಂಡದ ಆಚೆ ಬದಿಗೆ ಹೊರಟೇಹೋದಳು.

ಮೊಟ್ಟೆ ನೋಡಿದ ಸಣ್ಣೀರಿಗೆ ಹಿಗ್ಗೋ ಹಿಗ್ಗು. ಒಂದು ಹಿಡಿ ತೌಡು ಎರಚಿದಳು. ಆಸೆ ತೀರಲಿಲ್ಲ, ಒಂದು ಮೊರ ಎರಚಿದಳು. ಆಗಲೂ ತೀರಲಿಲ್ಲ, ಒಂದು ಕುಕ್ಕೆ ಸುರಿದಳು.

"ಸಾಕು ಸಣ್ಣೀರಿ," ಎಂದಿತು ಗಾಳಿ.

"ಹಾಕೋಳು ನಾನು, ತಿನ್ನೋದು ಅವು. ನಿನ್ನ ಗಂಟೇನು ಹೋಯ್ತು?"

ತಿಂದು ಉಳಿದ ತೌಡು ತಳಕ್ಕಿಳಿದು ಹುಳಿಯಿತು. ನೀರು ಗಂಜಿಯಂತೆ ಮಂದವಾಯಿತು. ನೀರಿನೊಳಗಿನ ಉಸಿರೆಲ್ಲ ಮುಗಿಯಿತು. ಜೇನಿನ ಬಣ್ಣದ ಮೊಟ್ಟೆಗಳು ಅಲ್ಲೊಂದು ಇಲ್ಲೊಂದು ಬೆಳ್ಳಗಾಗತೊಡಗಿದವು. ಬೆಳ್ಳಗಾದ ಮೊಟ್ಟೆ ಮರಿಯಾಗುವುದಿಲ್ಲ.

ಗಂಡುಮೀನು ಬಾಲದಿಂದ ಬೀಸಿದ, ಬೀಸಿದ, ಬೀಸುತ್ತಲೇ ಇದ್ದ. ಬೀಸಿ ಏನು ಮಾಡುವುದು, ಉಸಿರೇ ಇಲ್ಲದ ನೀರು!

"ಗಾಳಿಯಣ್ಣಾ, ಒಂದಿಷ್ಟು ಉಸಿರು ಕೊಡು!"

"ನೀರೊಳಗೆ ಬರೋಕೆ ನನಗಾಗಲ್ಲಪ್ಪ. ನೀನೇ ಮೇಲೆ ಬಾ. ಬಾಯ್ತುಂಬ ತಗೊಂಡು ಹೋಗು."

ಅವನು ಮೇಲೆ ಬಂದ. ಬೆಳ್ಳಿ ಮೈ ಫಳಕ್ಕೆಂದಿತು. ದಡದಲ್ಲಿ ನಿಂತಿದ್ದ ಕೊಕ್ಕರೆ ಕುಕ್ಕಿಯೇಬಿಟ್ಟಿತು. ಸ್ವಲ್ಪದರಲ್ಲಿ ತಪ್ಪಿತು.

"ದೀಪ ಹಚ್ಕೊಂಡು ಬರ್ತೀಯಲ್ಲೋ ಮಾರಾಯ! ಹುಡುಕೋ ಕಷ್ಟವೇ ಇಲ್ಲ," ಎಂದು ಕೊಕ್ಕರೆ ನಕ್ಕಿತು.

ಅವನು ತಳಕ್ಕಿಳಿದು ಕೆಸರನ್ನು ಕೇಳಿದ, "ಅಮ್ಮಾ, ಈ ಬೆಳ್ಳಿ ತೆಗೀತೀಯಾ?"

"ತೆಗೀತೀನಿ ಮಗಾ. ತೆಗೆದ ಮೇಲೆ ಮತ್ತೆ ಕೊಡೋಕಾಗಲ್ಲ."

ಅವನು ತನ್ನ ಹೊಳೆಯುವ ಮೈಯನ್ನೊಮ್ಮೆ ನೋಡಿಕೊಂಡ. ಮೊಟ್ಟೆಗಳನ್ನೂ ನೋಡಿದ. ಮತ್ತೊಂದು ಬೆಳ್ಳಗಾಗಿತ್ತು.

"ತೆಗಿ," ಎಂದ.

ಕೆಸರು ಮೆಲ್ಲಗೆ ಉಜ್ಜಿತು. ಹುರುಪೆಗಳು ನಿದ್ದೆಯಲ್ಲಿ ಉದುರುವ ಹೂವಿನಂತೆ ಉದುರಿದವು. ಕಪ್ಪಗೆ, ನುಣ್ಣಗೆ ಅವನು ಮೇಲೇರಿದ. ಕೊಕ್ಕರೆಗೆ ಕಾಣಲಿಲ್ಲ. ಬಾಯ್ತುಂಬ ಗಾಳಿ ತುಂಬಿಕೊಂಡು ಇಳಿದ. ಆದರೆ ಆ ಗಂಜಿನೀರಿನಲ್ಲಿ ಮೊಟ್ಟೆಗಳ ಗೂಡೆಲ್ಲಿ? ತಡಕಾಡಿ ತಡಕಾಡಿ ಬಾಯಿ ಸೋತಿತು. ಗಾಳಿಯೆಲ್ಲ ಗುಳ್ಳೆಯಾಗಿ ಹೋಯಿತು.

"ನನ್ನ ಮಕ್ಕಳು ಕಾಣ್ತಿಲ್ಲ," ಎಂದು ಅತ್ತ.

ದಡದಲ್ಲಿ ಅದನ್ನು ಕೇಳಿದ ಸಣ್ಣೀರಿಯ ಕೈಯಿಂದ ಕುಕ್ಕೆ ಜಾರಿಬಿತ್ತು. "ಅಯ್ಯೋ, ಇದು ನನ್ನ ಕೈಯಾರೆ ಆದದ್ದು," ಎನ್ನುತ್ತ ಮೊಣಕಾಲುದ್ದ ನೀರಿಗಿಳಿದಳು. ಜಡೆಯಿಂದ ಕೂದಲೆಳೆಗಳನ್ನು ಕಿತ್ತು ಅವನ ಬಾಯಿಯ ಸುತ್ತ ಅಂಟಿಸಿದಳು, ಈ ಕಡೆ ನಾಲ್ಕು, ಆ ಕಡೆ ನಾಲ್ಕು. "ಕಣ್ಣಿಗೆ ಕಾಣದ್ದನ್ನ ಇದರಿಂದ ತಡವಿ ನೋಡಪ್ಪ."

ಅವನು ಮತ್ತೆ ಗಾಳಿ ತುಂಬಿಕೊಂಡ. ಕೆಸರು ತಡವಿದ, ಬೇರು ತಡವಿದ, ಗೂಡು ಸಿಕ್ಕಿತು! ಮೊಟ್ಟೆಗಳ ಮೇಲೆ ಮೆಲ್ಲಗೆ ಉಸಿರು ಬಿಟ್ಟ. ಮೇಲೆ ಹೋದ, ತಂದ. ಮತ್ತೆ ಹೋದ, ಮತ್ತೆ ತಂದ. ಉಳಿದ ಮೊಟ್ಟೆಗಳು ಮಿಸುಕಿದವು, ಬಿರಿದವು. ಪುಟ್ಟ ಕಪ್ಪು ಮೋಡದಂತೆ ಮರಿಗಳು ಎದ್ದವು.

ಹೆಣ್ಣುಮೀನು ಬಂದಳು. "ಯಾರಪ್ಪ ನೀನು?"

"ನಿನ್ನ ಗಂಡ ಕಣೇ."

ಅವಳು ಮೀಸೆ ನೋಡಿದಳು, ಬೋಳು ಮೈ ನೋಡಿದಳು, ಆ ಮೈಯ ನೆರಳಿನಲ್ಲಿ ಆಡುತ್ತಿದ್ದ ಮರಿಗಳನ್ನು ನೋಡಿದಳು.

"ಈಗ ನೋಡೋ ಹಾಗಿದ್ದೀಯ," ಎಂದಳು.

ಮಕ್ಕಳೆಲ್ಲ ಅಪ್ಪನ ಹಾಗೆಯೇ ಬೆಳೆದರು. ಅದಕ್ಕೇ ಕಂದಾ, ಇವತ್ತಿಗೂ ಮೀನಿನ ಹೊಂಡದ ದಡದಲ್ಲಿ ಉಸಿರು ಬಿಗಿಹಿಡಿದು ಕೂತರೆ, ಮೀಸೆಯ ಕಪ್ಪು ಬಾಯೊಂದು ಮೇಲೆದ್ದು ಗಾಳಿ ಗುಟುಕರಿಸಿ, ಮನೆಯಲ್ಲಿ ಯಾರೋ ಕಾಯುತ್ತಿರುವ ಹಾಗೆ ಅವಸರದಲ್ಲಿ ಕೆಳಗಿಳಿಯುವುದು ನಿನಗೆ ಕಾಣುತ್ತದೆ.