ಹೆಸರು ಕೆತ್ತೋಳು

“ಗುರುಗಳೇ, ನೀವು ನಂಬಲ್ಲ! ಈಗ ತಾನೆ ಕಣ್ಣಾರೆ ನೋಡ್ಕೊಂಡು ಬಂದೆ!” ಮಾದೇಶ ಚಪ್ಪಲಿ ಬಿಡೋದನ್ನೂ ಮರೆತು ಒಳಗೆ ನುಗ್ಗಿದ. “ಊರೂರಲ್ಲಿ ಬ್ರಾಂಚ್ ಇಟ್ಟಿದ್ದ ಆ ದೊಡ್ಡ ಬಟ್ಟೆ ಅಂಗಡಿ, ಅದೇ, ಲಿಫ್ಟು ಏಸಿ ಎಲ್ಲ ಇತ್ತಲ್ಲ, ಶಟರ್ ಎಳೆದು ಬೀಗ ಜಡಿದುಬಿಟ್ಟಿದ್ದಾರೆ! ಜನ ಎಲ್ಲ ಫೋನಲ್ಲೇ ತರಿಸ್ಕೊಳ್ತಾರೆ, ಅದಕ್ಕೇ ಮುಳುಗ್ತು ಅಂತಾರೆ. ಅಷ್ಟೇನಾ ಗುರುಗಳೇ?”

“ಮೊದಲು ಚಪ್ಪಲಿ ಬಿಟ್ಟು ಬಾರಪ್ಪ,” ಅಂದ್ರು ಗುರುಗಳು. ಅವನು ಬಂದು ಕೂತ ಮೇಲೆ ಕತೆ ಶುರು ಮಾಡಿದ್ರು.

ಒಬ್ಬ ಪಾತ್ರೆ ವ್ಯಾಪಾರಿ. ಒಂದಿದ್ದ ಅಂಗಡಿ ಒಂಬತ್ತಾಗಿತ್ತು. ಪ್ರತಿ ಅಂಗಡಿ ಬಾಗಿಲಲ್ಲೂ ಪಾತ್ರೆ ಮೇಲೆ ಹೆಸರು ಕೆತ್ತೋರು ಒಬ್ಬರು. ಮೊದಲನೇ ಅಂಗಡೀಲಿ ಮಣೆ ಹಾಕ್ಕೊಂಡು ಕೂರ್ತಿದ್ದೋಳು ಒಬ್ಬ ಹೆಂಗಸು. ಮದುಮಗಳ ಬಿಂದಿಗೆ ಇರಲಿ, ಮಗುವಿನ ಹಾಲಿನ ಲೋಟ ಇರಲಿ, ಅವಳ ಉಳಿ ತಾಗದೆ ಮನೆಗೆ ಹೋಗ್ತಿರಲಿಲ್ಲ.

ಕಾಲ ತಿರುಗ್ತು. ಸ್ಟೀಲ್ ಪಾತ್ರೆ ತಳ್ಳುಗಾಡೀಲೂ ಸಿಕ್ತು, ಫೋನಲ್ಲಿ ಒತ್ತಿದ್ರೆ ಮನೆ ಬಾಗಿಲಿಗೂ ಬಂತು. ಜನ ಎಲ್ಲೆಲ್ಲೋ ಕೊಂಡು, ಹೆಸರು ಹಾಕಿಸೋಕೆ ಮಾತ್ರ ಇವಳ ಹತ್ರ ಬರ್ತಿದ್ರು. ಕಾಯ್ತಾ ಕಾಯ್ತಾ ಅಂಗಡಿ ಒಳಗೊಂದು ಸುತ್ತು ಹಾಕಿ, ಸೌಟೋ ಜರಡಿಯೋ ಹಿಡ್ಕೊಂಡು ಹೋಗ್ತಿದ್ರು. ವ್ಯಾಪಾರಿ ಕಣ್ಣಿಗೆ ಸೌಟು ಬೀಳಲಿಲ್ಲ, ಹೊರಗಿನ ಪಾತ್ರೆ ಬಿತ್ತು. ಹೊಟ್ಟೆ ಉರೀತು. ಒಂಬತ್ತೂ ಅಂಗಡಿಗೆ ಹುಕುಂ ಹೋಯ್ತು: ನಮ್ಮ ಬಿಲ್ ಇಲ್ದೆ ಹೆಸರಿಲ್ಲ.

ಎಂಟು ಅಂಗಡೀಲಿ ಕೆತ್ತೋರು ತಲೆ ಆಡಿಸಿದ್ರು. ಇವಳು ಆಡಿಸಲಿಲ್ಲ.

ಮಾರನೇ ದಿನ ಒಬ್ಬ ಅಜ್ಜಿ ಸೊಟ್ಟಗಾದ ಊಟದ ಡಬ್ಬಿ ತಂದ್ಲು. “ಮೊಮ್ಮಗಳು ಕೆಲಸಕ್ಕೆ ಸೇರಿದಾಳೆ ಕಣವ್ವ, ಅವಳ ಹೆಸರು ಹಾಕು.” ವ್ಯಾಪಾರಿ ಎದುರಲ್ಲೇ ಇವಳು ಉಳಿ ಎತ್ತಿದ್ಲು.

“ಏನಮ್ಮಾ, ಕಿವಿ ಕೇಳಲ್ವಾ? ಯಾರಂಗಡಿದು ಅದು?”

“ಸಾವ್ಕಾರ್ರೇ, ನಾನು ಯಾರಂಗಡಿ ಪಾತ್ರೆ ಅಂತ ಕೇಳೋಳಲ್ಲ. ಯಾರ ಹೆಸರು ಅಂತ ಕೇಳೋಳು.”

“ಹಂಗಾದ್ರೆ ಏಳು ಇಲ್ಲಿಂದ! ಬೀದೀಲಿ ಕೂತು ಕೇಳ್ಕೋ!”

ಎದ್ಲು. ಮಣೇನ ಕಂಕುಳಲ್ಲಿ ಇಟ್ಕೊಂಡು ರಸ್ತೆ ದಾಟಿದೋಳೇ ಎದುರಿನ ಹೊಂಗೆ ಮರದ ಕೆಳಗೆ ಕೂತ್ಲು. ಅಜ್ಜೀನೂ ಹಿಂದೇನೇ ಹೋದ್ಲು. ಆಮೇಲೆ ಊರೇ ಹೋಯ್ತು. ಆ ಜನ ನೋಡಿ ಮರದ ಪಕ್ಕ ಒಬ್ಬ ಸೌಟು ಜರಡಿ ಹರವಿಕೊಂಡು ಕೂತೇಬಿಟ್ಟ!

ಉಳಿದ ಎಂಟು ಅಂಗಡೀಲೂ ಬಿಲ್ ಇಲ್ದೋರು ಬಾಗಿಲಿಂದಲೇ ವಾಪಸ್ ಹೋದ್ರು, ಒಳಗೆ ಸುತ್ತು ಹಾಕೋರೇ ಇಲ್ಲದಂಗಾಯ್ತು. ಒಂಬತ್ತೂ ಅಂಗಡಿ ಒಂದೊಂದಾಗಿ ಮುಚ್ಚಿದ್ವು. ಕೊನೇದು ಮುಚ್ಚಿದ ದಿನ ವ್ಯಾಪಾರಿ ರಸ್ತೆ ದಾಟಿ ಬಂದ. ಕೈಯಲ್ಲಿ ಅವರಮ್ಮನ ಹಿತ್ತಾಳೆ ಚೊಂಬು. ಬೆಳಗಿ ಬೆಳಗಿ ಹೆಸರೇ ಸವೆದು ಹೋಗಿತ್ತು. ಅದನ್ನ ಅವಳ ಮುಂದೆ ಇಟ್ಟ.

“ಬಿಲ್ ಕೇಳಕ್ಕ, ಬಿಲ್ ಕೇಳು!” ಅಂತ ಸೌಟಿನವನು ಕೂಗಿದ. ಸುತ್ತ ಇದ್ದೋರೆಲ್ಲ ನಕ್ರು. ಅವಳು ಚೊಂಬು ಎತ್ತಿ ತೊಡೆ ಮೇಲೆ ಇಟ್ಕೊಂಡ್ಲು.

ಗುರುಗಳು ಅಲ್ಲಿಗೆ ನಿಲ್ಲಿಸಿದ್ರು. ಮಾದೇಶನಿಗೆ ತಡೀಲಿಲ್ಲ. “ಕೇಳಿದ್ಲಾ ಗುರುಗಳೇ? ಬಿಲ್ ಕೇಳಿದ್ಲಾ?”

“ಅವಳು ‘ಯಾರ ಹೆಸರು ಹಾಕ್ಲಿ?’ ಅಂದ್ಲು. ನೀನಾಗಿದ್ರೆ ಏನು ಕೇಳ್ತಿದ್ದೆ, ಮಾದೇಶ?”